ಮನೆ ಕೊಂಡೆವು, ಮೂಲ ಪತ್ರ ಓದಿದೆವಾ?

ಕೆನಡಾದ ಒಂಟಾರಿಯೊದಲ್ಲಿ ಮಕ್ಕಳನ್ನು ಓದಿಸುತ್ತಿರುವ ಕನ್ನಡದ ಅಪ್ಪ ಅಮ್ಮಂದಿರಿಗೆ,

ನಮಸ್ಕಾರ. ಕಳೆದ ತಿಂಗಳು ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿದ ಅರ್ಜಿ ನಿಮಗೂ ಬಂದಿರುತ್ತದೆ. ಹನ್ನೊಂದನೇ ತರಗತಿಯ ಇಂಗ್ಲಿಷಿನಲ್ಲಿ ಶೇಕ್ಸ್‌ಪಿಯರನನ್ನು ತೆಗೆದು ಪೂರ್ತಿ ಮೂಲನಿವಾಸಿ ಲೇಖಕರನ್ನೇ ಓದಿಸುತ್ತಾರೆ, ನಮ್ಮ ಮಕ್ಕಳ ಭವಿಷ್ಯದ ಗತಿಯೇನು, ಬೇಕಾದವರು ಮಾತ್ರ ತಗೊಳ್ಳುವ ಹಾಗೆ ಮಾಡಿ ಎಂದು ಶಾಲಾ ಮಂಡಳಿಯನ್ನು ಕೇಳುವ ಅರ್ಜಿ. ಅದರಲ್ಲಿ 41ನೇ ಹೆಸರು ನನ್ನದು. ಕುಕ್ಕರ್ ಮೂರನೇ ಸೀಟಿ ಹೊಡೆಯುತ್ತಿತ್ತು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಸೌಟು. ಓದದೆಯೇ ಸಹಿ ಒತ್ತಿಬಿಟ್ಟೆ. ಆ ಸಹಿ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಯಾಕೆ ಅಂತ ಎಲ್ಲರೆದುರಿಗೇ ಹೇಳಬೇಕು ಅನ್ನಿಸಿತು.

ಮೊದಲು ಹೆದರಿಕೆಯ ವಿಷಯ ಮುಗಿಸಿಬಿಡೋಣ. ಎನ್‌ಬಿಇ3ಯು ಎನ್ನುವ ಈ ಕೋರ್ಸು ಯೂನಿವರ್ಸಿಟಿಗೆ ಹೋಗುವವರಿಗೆಂದೇ ಮಾಡಿದ್ದು. ಹಳೆಯ ಇಂಗ್ಲಿಷ್ ಕೋರ್ಸಿಗೆ ಎಷ್ಟು ಬೆಲೆಯೋ ಇದಕ್ಕೂ ಅಷ್ಟೇ. ಇದನ್ನು ಮುಗಿಸಿ ಹನ್ನೆರಡನೇ ತರಗತಿಯ ಇಂಗ್ಲಿಷಿಗೆ ಹೋಗಬಹುದು. ವಾಟರ್‌ಲೂ ಯೂನಿವರ್ಸಿಟಿಯ ಸೀಟು ಇದರಿಂದ ತಪ್ಪುವುದಿಲ್ಲ. ಟೊರಾಂಟೊದ ದೊಡ್ಡ ಮಂಡಳಿ 2023ರಲ್ಲೇ ಇದನ್ನು ಕಡ್ಡಾಯ ಮಾಡಲು ತೀರ್ಮಾನಿಸಿತ್ತು. ಇನ್ನು ಶೇಕ್ಸ್‌ಪಿಯರ್ ವಿಷಯ. ನಿಜ ಹೇಳಿ, ನಮ್ಮಲ್ಲಿ ಎಷ್ಟು ಜನ ಅವನನ್ನು ಗೈಡ್ ಇಲ್ಲದೆ ಓದಿದ್ದೇವೆ?

ಸಹಿ ಹಾಕಿ ಎರಡು ದಿನವಾಗಿತ್ತು. ಮಗಳ ಪುಸ್ತಕ ಊಟದ ಮೇಜಿನ ಮೇಲೆ ಬೋರಲು ಬಿದ್ದಿತ್ತು. ರಿಚರ್ಡ್ ವಾಗಮೀಸ್ ಅವರ 'ಇಂಡಿಯನ್ ಹಾರ್ಸ್'. 2012ರ ಕಾದಂಬರಿ. ಬೈಯೋಣ ಅಂತಲೇ ಕೈಗೆತ್ತಿಕೊಂಡೆ. ಓಜಿಬ್ವೆ ಎಂಬ ಮೂಲನಿವಾಸಿ ಜನಾಂಗದ ಸಾಲ್ ಎಂಬ ಹುಡುಗನನ್ನು ಕಾಡಿನಿಂದ ಎತ್ತಿ ತಂದು ಪಾದ್ರಿಗಳ ಶಾಲೆಗೆ ಹಾಕುತ್ತಾರೆ. ಅವನಿಗೆ ಐಸ್ ಹಾಕಿಯ ಹುಚ್ಚು ಹಿಡಿಯುತ್ತದೆ. ಆಡಲು ಪಕ್ ಇಲ್ಲ, ಅಂದರೆ ಆ ಆಟದಲ್ಲಿ ಚೆಂಡಿನ ಬದಲು ಹೊಡೆಯುವ ಬಿಲ್ಲೆ. ಚಳಿಗೆ ಕಲ್ಲಾದ ಕುದುರೆ ಲದ್ದಿಯನ್ನೇ ಪಕ್ ಮಾಡಿಕೊಂಡು, ಬೆಳಗಿನ ಜಾವ ಯಾರೂ ಏಳುವ ಮೊದಲು ಒಬ್ಬನೇ ಅಭ್ಯಾಸ ಮಾಡುತ್ತಾನೆ. ನಮ್ಮ ಹುಡುಗರು ಸಗಣಿ ಸಾರಿಸಿದ ಅಂಗಳದಲ್ಲಿ ತೆಂಗಿನ ಮಟ್ಟೆಯನ್ನೇ ಬ್ಯಾಟ್ ಮಾಡಿಕೊಂಡು ಆಡಿದ್ದು ನೆನಪಾಯಿತು. ಅಲ್ಲಿಗೆ ನನಗೆ ಬೈಯುವುದು ಮರೆತುಹೋಯಿತು.

ಸಾಲ್ ದೊಡ್ಡ ಆಟಗಾರನಾಗುತ್ತಾನೆ. ಪ್ರೇಕ್ಷಕರು ಐಸಿನ ಮೇಲೆ ಪ್ಲಾಸ್ಟಿಕ್ಕಿನ ಇಂಡಿಯನ್ ಗೊಂಬೆಗಳನ್ನು ಎಸೆಯುತ್ತಾರೆ. ಇಲ್ಲಿ ಇಂಡಿಯನ್ ಅಂದರೆ ನಾವಲ್ಲ, ಈ ನೆಲದ ಮೂಲನಿವಾಸಿಗಳು. ಕುಡಿತ ಅವನನ್ನು ಹಿಡಿಯುತ್ತದೆ. ಕಥೆ ಹೇಳುತ್ತಿರುವವನು ಸಾಲ್‌ನೇ. ಆದರೆ ಶಾಲೆಯಲ್ಲಿ ತನಗೇನಾಯಿತು ಎಂಬುದರಲ್ಲಿ ಒಂದು ದೊಡ್ಡ ಭಾಗವನ್ನು ಅವನು ನಮಗೆ ಹೇಳಿಯೇ ಇರುವುದಿಲ್ಲ, ತನಗೂ ಹೇಳಿಕೊಂಡಿರುವುದಿಲ್ಲ. ಅದು ಕೊನೆಗೆ ಹೊರಬರುತ್ತದೆ. ಏನು ಅಂತ ಬರೆಯುವುದಿಲ್ಲ, ನೀವೇ ಓದಿ. ಆದರೆ ಆ ಪುಟಕ್ಕೆ ಬಂದಾಗ ನನ್ನ ಒಂದು ಹಳೇ ಪ್ರಶ್ನೆಗೆ ಉತ್ತರ ಸಿಕ್ಕಿತು. "ಇಷ್ಟೆಲ್ಲಾ ಆಗಿದ್ದರೆ ಅವರು ಆಗಲೇ ಯಾಕೆ ಹೇಳಲಿಲ್ಲ?" ಇದನ್ನು ನಮ್ಮ ಮನೆಗಳ ಊಟದಲ್ಲಿ ಎಷ್ಟು ಸಲ ಕೇಳಿದ್ದೇವೆ, ಅಲ್ವಾ? ಸಾವಿರ ಪುಟದ ವರದಿ ಓದಿದ್ದರೂ ನನಗೆ ಅದು ಹೀಗೆ ತಿಳಿಯುತ್ತಿರಲಿಲ್ಲ.

ಇಲ್ಲಿ ಒಂದು ಪದದ ತೊಡಕು ಹೇಳಲೇಬೇಕು. ಮೂಲನಿವಾಸಿ ಮಕ್ಕಳನ್ನು ಹಾಕುತ್ತಿದ್ದ, ಸಾಲ್ ಹೋದಂಥ ರೆಸಿಡೆನ್ಶಿಯಲ್ ಶಾಲೆಯನ್ನು ಕನ್ನಡದಲ್ಲಿ 'ವಸತಿ ಶಾಲೆ' ಅಂದುಬಿಡುತ್ತೇವೆ. ವಸತಿ ಶಾಲೆ ಅಂದರೆ ನಮಗೆ ನವೋದಯ, ಮೊರಾರ್ಜಿ ದೇಸಾಯಿ ಶಾಲೆ. ಸೀಟು ಸಿಕ್ಕರೆ ಊರಿಗೆಲ್ಲ ಪೇಡ ಹಂಚುವ ಸಂಗತಿ. ಅದಕ್ಕೇ ನಮ್ಮವರೊಬ್ಬರು ಗುಂಪಿನಲ್ಲಿ, "ಪುಕ್ಕಟೆ ಊಟ, ಪುಕ್ಕಟೆ ಪಾಠ, ಅದಕ್ಕೂ ಅಳ್ತಾರಾ?" ಅಂತ ಹಾಕಿದ್ದರು. ಅವರನ್ನು ಪೂರ್ತಿ ಬೈಯಲಾರೆ, ಪದವೇ ಅವರ ದಾರಿ ತಪ್ಪಿಸಿತು. ಇಲ್ಲಿ ಸೀಟಿಗೆ ಯಾರೂ ಅರ್ಜಿ ಹಾಕಿರಲಿಲ್ಲ. 1920ರ ಕಾನೂನು ಮಕ್ಕಳನ್ನು ಕಳಿಸುವುದನ್ನು ಕಡ್ಡಾಯ ಮಾಡಿತು. ಹೋದ ದಿನವೇ ಕೂದಲು ಕತ್ತರಿಸುತ್ತಿದ್ದರು. ಹೆಸರಿನ ಜಾಗಕ್ಕೆ ನಂಬರು ಬರುತ್ತಿತ್ತು. ಅಕ್ಕ ತಮ್ಮ ಒಂದೇ ಶಾಲೆಯಲ್ಲಿದ್ದರೂ ಮಾತಾಡುವಂತಿರಲಿಲ್ಲ. ಸುಮಾರು 1,50,000 ಮಕ್ಕಳು ಈ ಶಾಲೆಗಳಲ್ಲಿ ಹಾದುಹೋದರು. ಸರ್ಕಾರದ ದುಡ್ಡು, ಚರ್ಚಿನ ಆಡಳಿತ. 1990ರ ದಶಕದ ಕೊನೆಯವರೆಗೂ ನಡೆದವು. ಅಂದರೆ ನಾವು ಊರಿನಲ್ಲಿ ಪಿಯುಸಿ ಓದುತ್ತಿದ್ದಾಗ ಕೊನೆಯ ಶಾಲೆಯ ಬಾಗಿಲು ಹಾಕಿದ್ದು.

ಆ 1920ರ ಕಾನೂನಿನ ಹಿಂದೆ ಇದ್ದ ಅಧಿಕಾರಿ ಡಂಕನ್ ಕ್ಯಾಂಪ್‌ಬೆಲ್ ಸ್ಕಾಟ್. ಕೆನಡಾದಲ್ಲಿ ಒಬ್ಬ ಇಂಡಿಯನ್ನನೂ ಬೇರೆಯಾಗಿ ಉಳಿಯದ ಹಾಗೆ ಎಲ್ಲರನ್ನೂ ಕರಗಿಸುವವರೆಗೆ ಇದನ್ನು ಬಿಡುವುದಿಲ್ಲ ಎಂಬ ಅರ್ಥದ ಮಾತನ್ನು ಸಂಸತ್ತಿನ ಸಮಿತಿಯ ಮುಂದೆ ಹೇಳಿದವನು. ಅವನು ಕವಿ ಕೂಡ. ಸುಮ್ನೆ ಕವಿಯಲ್ಲ, ಇಲ್ಲಿನ ಪಠ್ಯಪುಸ್ತಕಗಳಲ್ಲಿ ದಶಕಗಟ್ಟಲೆ ಇದ್ದ ಕವಿ. ಮೂಲನಿವಾಸಿಗಳು ಮರೆಯಾಗುತ್ತಿರುವ ಜನ ಅಂತ ದುಃಖಪಟ್ಟು ಪದ್ಯ ಬರೆದ. ಬೆಳಿಗ್ಗೆ ಕಚೇರಿಯಲ್ಲಿ ಅವರನ್ನು ಮರೆಯಾಗಿಸುವ ಕಡತಕ್ಕೆ ಸಹಿ, ಸಂಜೆ ಅವರ ಮೇಲೆ ಪದ್ಯ! ಅವನ ಇಲಾಖೆಗೆ ಸೇರಿದ್ದ ಡಾಕ್ಟರ್ ಪೀಟರ್ ಬ್ರೈಸ್ 1907ರಲ್ಲೇ ಈ ಶಾಲೆಗಳಲ್ಲಿ ಮಕ್ಕಳು ಕ್ಷಯದಿಂದ ಸಾಯುತ್ತಿದ್ದಾರೆ ಅಂತ ವರದಿ ಕೊಟ್ಟಿದ್ದರು. ಆ ವರದಿಯನ್ನು ಮೂಲೆಗೆ ಹಾಕಿದರು. 1922ರಲ್ಲಿ ಡಾಕ್ಟರರು ತಾವೇ ಒಂದು ಕಿರುಹೊತ್ತಿಗೆ ಅಚ್ಚು ಹಾಕಿಸಿ ಜನರಿಗೆ ಹೇಳಬೇಕಾಯಿತು. ಪಾಠದಲ್ಲಿ ಉಳಿದಿದ್ದು ಕವಿ. ಆದ್ದರಿಂದ ಪಠ್ಯದಲ್ಲಿ ಯಾರಿರಬೇಕು ಎಂಬ ಜಗಳ ಈಗ ಹೊಸದಾಗಿ ಯಾರೋ ತಂದಿದ್ದಲ್ಲ.

ಒಂದು ರಾತ್ರಿ ಮಗಳು ಕೇಳಿದಳು. "ಅಮ್ಮಾ, ನಿಮ್ಮ ಸ್ಕೂಲಲ್ಲಿ ಕನ್ನಡ ಮಾತಾಡಿದ್ರೆ ಫೈನ್ ಹಾಕ್ತಿದ್ರು ಅಂದಿದ್ದೆ ಅಲ್ವಾ? ಅದೂ ಇದೂ ಒಂದೇನಾ?"

ಹಾಕುತ್ತಿದ್ದರು. ಒಂದು ಪದಕ್ಕೆ ಎಂಟಾಣೆ. ಕ್ಲಾಸ್ ಲೀಡರ್ ಕೈಯಲ್ಲಿ ಒಂದು ಡಬ್ಬಿ ಇರುತ್ತಿತ್ತು. "ಅಯ್ಯೋ" ಅಂದಿದ್ದಕ್ಕೂ ನಾನು ಎಂಟಾಣೆ ಕಟ್ಟಿದ್ದೇನೆ. ಹೌದು, ಒಂದೇ ಅಂತ ಹೇಳುವ ಆಸೆ ಆಯಿತು. ಹಾಗೆ ಹೇಳಿದರೆ ನಮಗೂ ಸ್ವಲ್ಪ ಗೌರವ ಬರುತ್ತದೆ ನೋಡಿ. ಆದರೆ ಒಂದೇ ಅಲ್ಲ. ನಾಲ್ಕು ಗಂಟೆಗೆ ಬೆಲ್ ಹೊಡೆದರೆ ನಾನು ಓಡಿ ಮನೆಗೆ ಬಂದು ತಮ್ಮನ ಜೊತೆ ಕನ್ನಡದಲ್ಲೇ ಕಿತ್ತಾಡುತ್ತಿದ್ದೆ. ಅಜ್ಜಿ ಕನ್ನಡದಲ್ಲೇ ಬೈಯುತ್ತಿದ್ದರು. ನನ್ನ ಹಿಂದೆ ಕೋಟಿಗಟ್ಟಲೆ ಜನರ ಭಾಷೆ ಇತ್ತು, ಒಂದು ಸರ್ಕಾರ ಇತ್ತು, ಸಿನಿಮಾ ಇತ್ತು. ಆ ಮಕ್ಕಳಿಗೆ ನಾಲ್ಕು ಗಂಟೆಯ ಬೆಲ್ ಇರಲಿಲ್ಲ. ಚಾನಿ ವೆಂಜಾಕ್ ಎಂಬ 12 ವರ್ಷದ ಹುಡುಗ 1966ರ ಅಕ್ಟೋಬರಿನಲ್ಲಿ ಕೆನೋರಾದ ಹತ್ತಿರದ ಶಾಲೆಯಿಂದ ತಪ್ಪಿಸಿಕೊಂಡು ರೈಲು ಹಳಿ ಹಿಡಿದು ಮನೆಗೆ ಹೊರಟ. ಮನೆ ಸುಮಾರು 600 ಕಿಲೋಮೀಟರ್ ದೂರ. ತೆಳು ಜಾಕೆಟ್ಟು, ಜೇಬಿನಲ್ಲಿ ಬೆಂಕಿಕಡ್ಡಿ ಇಟ್ಟ ಸಣ್ಣ ಗಾಜಿನ ಸೀಸೆ. ಹಳಿಯ ಪಕ್ಕದಲ್ಲೇ ಹೆಣವಾಗಿ ಸಿಕ್ಕ. ನನ್ನ ಎಂಟಾಣೆ ಕಥೆಯನ್ನು ಅದರ ಪಕ್ಕದಲ್ಲಿ ಇಡಲು ಮನಸ್ಸು ಬರಲಿಲ್ಲ.

ಆಮೇಲೆ ಒಂದು ಶನಿವಾರ ಬ್ರ್ಯಾಂಟ್‌ಫರ್ಡ್‌ಗೆ ಹೋದೆವು. ಬ್ರ್ಯಾಂಪ್ಟನ್ನಿಂದ ಕಾರಿನಲ್ಲಿ ಒಂದು ಗಂಟೆ ಚಿಲ್ಲರೆ. ಅಲ್ಲಿ ಮೊಹಾಕ್ ಇನ್‌ಸ್ಟಿಟ್ಯೂಟ್ ಎಂಬ ಇಂಥದೇ ಶಾಲೆ 1970ರವರೆಗೂ ಇತ್ತು. ಮಕ್ಕಳು ಅದಕ್ಕಿಟ್ಟ ಹೆಸರು 'ಮಷ್ ಹೋಲ್'. ಬೆಳಗಾದರೆ ಓಟ್ಸಿನ ನೀರುಗಂಜಿ, ಮರುದಿನವೂ ಅದೇ ಗಂಜಿ. ನಾವಾಗಿದ್ದರೆ 'ಗಂಜಿಗುಂಡಿ' ಅಂತಿದ್ದೆವೇನೋ. ತೋಟದಲ್ಲಿ ಸೇಬಿನ ಮರಗಳಿದ್ದವು, ಆದರೆ ಹಸಿದ ಮಕ್ಕಳು ಕಿತ್ತು ತಿನ್ನುವಂತಿರಲಿಲ್ಲ. ಕಟ್ಟಡ ಚೆನ್ನಾಗಿಯೇ ಇದೆ, ಕೆಂಪು ಇಟ್ಟಿಗೆ, ಮುಂದೆ ಬಿಳಿ ಕಂಬ, ದೂರದಿಂದ ನೋಡಿದರೆ ಮೈಸೂರಿನ ಹಳೇ ಕಾಲೇಜಿನ ಹಾಗೆ. ಹಿಂದುಗಡೆ ಹೋಗಿ ಇಟ್ಟಿಗೆಗಳನ್ನು ಹತ್ತಿರದಿಂದ ನೋಡಬೇಕು. ಮೊಳೆಯಿಂದಲೋ ಕಲ್ಲಿನಿಂದಲೋ ಗೀರಿದ ಅಕ್ಷರಗಳು. ಹೆಸರು, ಇಸವಿ. ಮಕ್ಕಳ ಎದೆಯ ಎತ್ತರಕ್ಕೆ ಇವೆ ಹೆಚ್ಚಿನವು. ಓದಲು ನಾನು ಬಗ್ಗಬೇಕಾಯಿತು.

ಮಗಳು ಒಂದು ಇಟ್ಟಿಗೆಯ ಮೇಲೆ ಬೆರಳಾಡಿಸಿ, "ಇದೂ ಸಿಲೆಬಸ್ಸಾ?" ಅಂದಳು. ತಮಾಷೆಗೆ ಅಂದಿದ್ದು. ನಂಬರಾಗಿದ್ದ ಮಗು ತನ್ನ ಹೆಸರು ಕೆತ್ತಿದರೆ ಅದನ್ನು ಏನಂತ ಕರೆಯಬೇಕೋ ನನಗೆ ಹೊಳೆಯಲಿಲ್ಲ.

ಈಗ ನಮ್ಮ ಭಾಷೆಯಲ್ಲಿ ಮಾತಾಡೋಣ, ಅಂದರೆ ಸೈಟಿನ ಭಾಷೆಯಲ್ಲಿ. ಬೆಂಗಳೂರಿನಲ್ಲಿ ಮೂವತ್ತು ನಲವತ್ತರ ಸೈಟು ಕೊಳ್ಳುವಾಗ ನಾವು ಏನೇನು ನೋಡುತ್ತೇವೆ? ಮೂಲ ಪತ್ರ, ಇಸಿ, ಖಾತೆ, ತೆರಿಗೆ ರಸೀದಿ. ಲಾಯರಿಗೆ ದುಡ್ಡು ಕೊಟ್ಟು ಮೂರು ತಲೆಮಾರಿನ ವಂಶವೃಕ್ಷ ಕೆದಕುತ್ತೇವೆ. ಎಲ್ಲೋ ಒಬ್ಬ ಅಕ್ಕನ ಸಹಿ ಬಿಟ್ಟುಹೋಗಿದ್ದರೆ ಮಾತುಕತೆ ಅಲ್ಲಿಗೆ ಬಂದ್. ಅದೇ ನಾವು ಇಲ್ಲಿ ಮನೆ ಕೊಂಡಾಗ ಎಷ್ಟು ಹಿಂದಕ್ಕೆ ಹೋದೆವು? ಬಿಲ್ಡರ್‌ವರೆಗೆ. ನೆಲಮಾಳಿಗೆಗೆ ನೀರು ಬರುತ್ತಾ ಅಂತ ಕೇಳಿದೆವು, ಮುಗಿಯಿತು.

ಹಿಂದಕ್ಕೆ ಹೋದರೆ ಏನು ಸಿಗುತ್ತದೆ ಗೊತ್ತಾ? ಟೊರಾಂಟೊ ನಿಂತಿರುವ ಜಾಗವನ್ನು ಬ್ರಿಟಿಷರು 1787ರಲ್ಲಿ ಮಿಸಿಸಾಗ ಎಂಬ ಮೂಲನಿವಾಸಿ ಜನರಿಂದ ಕೊಂಡೆವು ಅಂದರು. ಕೊನೆಗೆ ಪತ್ರ ತೆಗೆದು ನೋಡಿದರೆ ಅದು ಖಾಲಿ. ಎಲ್ಲಿಂದ ಎಲ್ಲಿಯವರೆಗೆ ಜಾಗ ಎಂಬುದೇ ಇಲ್ಲ. ಮುಖಂಡರ ಗುರುತುಗಳು ಬೇರೆ ಚೀಟಿಗಳಲ್ಲಿದ್ದವು, ಅವನ್ನು ತಂದು ಅಂಟಿಸಿದ್ದರು. ಖಾಲಿ ಛಾಪಾ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವ ಲೇವಾದೇವಿದಾರನ ಕಥೆ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾ? 1805ರಲ್ಲಿ ಮತ್ತೆ ಕಾಗದ ಮಾಡಿದರು, ಹತ್ತು ಶಿಲ್ಲಿಂಗಿಗೆ. ಈ ತಕರಾರು ತೀರಿದ್ದು 2010ರಲ್ಲಿ, ಕೆನಡಾ ಸರ್ಕಾರ 14.5 ಕೋಟಿ ಡಾಲರ್ ಕೊಟ್ಟಾಗ. ನಮ್ಮ ಬ್ರ್ಯಾಂಪ್ಟನ್ 1818ರ ಅಜೆಟಾನ್ಸ್ ಒಪ್ಪಂದದ ಜಾಗ. ಇನ್ನು ಮಿಸಿಸಾಗ ಊರಿಗೆ ಹೆಸರು ಕೊಟ್ಟ ಜನ ಈಗ ಆ ಊರಿನಲ್ಲಿಲ್ಲ. 1847ರಲ್ಲಿ ಕ್ರೆಡಿಟ್ ನದಿ ಬಿಟ್ಟು ಹೋಗಿ ಈಗ ಹೇಗರ್ಸ್‌ವಿಲ್ ಹತ್ತಿರ ಇದ್ದಾರೆ. ಹೆಸರು ಇಲ್ಲೇ ಉಳಿಯಿತು. ನಮ್ಮ ಅತ್ತೆ ಚಿಂಗುವಾಕೂಸಿ ರಸ್ತೆಯನ್ನು 'ಚಿಂಗ್ವನ ಕೂಸು' ಅನ್ನುತ್ತಾರೆ. ಹತ್ತು ವರ್ಷ ನಕ್ಕಿದ್ದೇವೆ. ಅದು ಯಾರ ಮಾತು ಅಂತ ಒಂದು ದಿನವೂ ಕೇಳಿರಲಿಲ್ಲ.

ಈ ಪುಸ್ತಕಗಳನ್ನು ನಾನು ಮೂಲ ಪತ್ರ ಅನ್ನುವುದು ಇದಕ್ಕೇ. ನೋಂದಣಿ ಕಚೇರಿಯಲ್ಲಿರುವ ಪತ್ರ ಕೊಂಡವರು ಬರೆದದ್ದು. ಕಳಕೊಂಡವರ ಕಡೆಯ ಪತ್ರ ಎಲ್ಲಿದೆ? 1927ರಿಂದ 1951ರವರೆಗೆ, ಸರ್ಕಾರದ ಅನುಮತಿ ಇಲ್ಲದೆ ಭೂಮಿಯ ಕೇಸಿಗೆ ದುಡ್ಡು ಕೂಡಿಸುವುದೇ ಅಪರಾಧವಾಗಿತ್ತು. ಕೋರ್ಟಿಗೆ ಹೋಗುವಂತಿಲ್ಲ ಎಂದಾಗ ಮಾತು ಎಲ್ಲಿ ಉಳಿಯಬೇಕು? ಅಜ್ಜಿಯ ಕಥೆಯಲ್ಲಿ ಉಳಿಯಿತು, ಆಮೇಲೆ ಪುಸ್ತಕಕ್ಕೆ ಬಂತು.

ಬಂದ ಮೇಲೂ ಸುಲಭವಾಗಲಿಲ್ಲ. ಮೂಲನಿವಾಸಿಗಳ ಮತ್ತು ಯುರೋಪಿನವರ ಮಿಶ್ರ ವಂಶದ ಮೆಟಿ ಸಮುದಾಯದ ಮರಿಯಾ ಕ್ಯಾಂಪ್‌ಬೆಲ್ 1973ರಲ್ಲಿ 'ಹಾಫ್‌ಬ್ರೀಡ್' ಎಂಬ ಆತ್ಮಕಥೆ ಪ್ರಕಟಿಸಿದರು. ಹುಡುಗಿಯಾಗಿದ್ದಾಗ ಪೊಲೀಸರೊಬ್ಬರು ತಮ್ಮ ಮೇಲೆ ಮಾಡಿದ ಅತ್ಯಾಚಾರವನ್ನು ಅದರಲ್ಲಿ ಬರೆದಿದ್ದರು. ಪ್ರಕಾಶಕರು ಆ ಭಾಗ ಕಿತ್ತುಹಾಕಿದರು. ಪುಸ್ತಕ ಹೆಸರು ಮಾಡಿತು, ಕಾಲೇಜುಗಳಿಗೆ ಪಾಠವಾಯಿತು, ನಾಲ್ಕು ದಶಕ ಎಲ್ಲರೂ ಅದನ್ನು ಪೂರ್ತಿ ಪುಸ್ತಕ ಅಂದುಕೊಂಡೇ ಓದಿದರು. ಕಿತ್ತ ಹಾಳೆಗಳು 2018ರಲ್ಲಿ ಹ್ಯಾಮಿಲ್ಟನ್ನಿನ ಮೆಕ್‌ಮಾಸ್ಟರ್ ಯೂನಿವರ್ಸಿಟಿಯ ಹಳೇ ಕಾಗದಗಳಲ್ಲಿ ಸಿಕ್ಕವು. 2019ರಲ್ಲಿ ಅವು ಸೇರಿ ಪುಸ್ತಕ ಮತ್ತೆ ಬಂತು. ನಮ್ಮ ಹುಡುಗರು ಎಂಜಿನಿಯರಿಂಗಿಗೆ ಹೋಗುವ ಅದೇ ಮೆಕ್‌ಮಾಸ್ಟರ್.

ಇನ್ನು ಪ್ರಮಾಣ ವಚನ. ನಾನು 2014ರಲ್ಲಿ ಕೆನಡಾ ಪ್ರಜೆಯಾದೆ. ರಾಣಿಗೆ ನಿಷ್ಠೆ ಅಂದೆ, ಫೋಟೊ ತೆಗೆಸಿಕೊಂಡೆ, ಸರವಣ ಭವನದಲ್ಲಿ ದೋಸೆ ತಿಂದೆ. ನನ್ನ ತಮ್ಮ 2022ರಲ್ಲಿ ಝೂಮ್‌ನಲ್ಲಿ ಪ್ರಮಾಣ ಮಾಡಿದಾಗ ಒಂದು ಸಾಲು ಹೊಸದಾಗಿ ಸೇರಿತ್ತು. ಫಸ್ಟ್ ನೇಶನ್ಸ್, ಇನುಯಿಟ್, ಮೆಟಿ ಎಂಬ ಮೂರೂ ಮೂಲನಿವಾಸಿ ಜನರ ಹಕ್ಕುಗಳನ್ನೂ ಒಪ್ಪಂದದ ಹಕ್ಕುಗಳನ್ನೂ ಒಪ್ಪಿಕೊಂಡಿರುವ ಸಂವಿಧಾನವನ್ನು ಪಾಲಿಸುತ್ತೇನೆ ಎಂಬ ಸಾಲು. 2021ರ ಜೂನ್‌ನಲ್ಲಿ ಕಾನೂನು ಮಾಡಿ ಸೇರಿಸಿದ್ದು. ಈ ಶಾಲೆಗಳಲ್ಲಿ ಏನಾಯಿತು ಅಂತ ವಿಚಾರಿಸಲು ಮಾಡಿದ ಸತ್ಯ ಮತ್ತು ರಾಜಿ ಆಯೋಗ 2015ರಲ್ಲಿ ಕೊಟ್ಟ 94 ಶಿಫಾರಸುಗಳಲ್ಲಿ ಕೊನೆಯದು ಇದೇ. 93ನೆಯದೂ ವಲಸೆ ಬಂದವರ ಬಗ್ಗೆಯೇ. ಇವರಿಗೆ ಈ ಇತಿಹಾಸ ತಿಳಿಸಿ ಅಂತ. "ಇದೆಲ್ಲ ಬಿಳಿಯರು ಮಾಡಿದ ಪಾಪ, ನಮಗೇನು ಸಂಬಂಧ?" ಅನ್ನುವವರು ದಯವಿಟ್ಟು ಆ ಸಾಲನ್ನು ಇನ್ನೊಮ್ಮೆ ಓದಿ. ಪಾಪ ನಮ್ಮದಲ್ಲ ಸರಿ. ಆದರೆ ಬಲಗೈ ಎತ್ತಿ ಒಪ್ಪಂದ ಪಾಲಿಸುತ್ತೇವೆ ಅಂದವರು ನಾವೇ ತಾನೇ?

'ರಾಜಿ' ಅಂತ ಬರೆದೆ, ಆದರೆ ಆ ಪದ ನನಗೆ ಮುಳ್ಳಿನ ಹಾಗೆ ಚುಚ್ಚುತ್ತದೆ. ನಮ್ಮೂರ ರಾಜಿ ಪಂಚಾಯ್ತಿ ನೋಡಿದ್ದೀರಲ್ಲ? ಹೊಡೆದವನಿಗೆ ಒಂದು ಮಾತು, ಹೊಡೆಸಿಕೊಂಡವನಿಗೆ ಹತ್ತು ಮಾತು. "ಹೋಗ್ಲಿ ಬಿಡಪ್ಪ, ದೊಡ್ಡವರು, ಕೈ ಕುಲುಕು." ಇಬ್ಬರಿಗೂ ಕಾಫಿ. ಜಮೀನಿನ ಬದು ಮಾತ್ರ ಸರಿದ ಜಾಗದಲ್ಲೇ ಇರುತ್ತದೆ. ಇಲ್ಲಿನ ಆಯೋಗ ಹೆಸರಿನಲ್ಲೇ ಸತ್ಯವನ್ನು ಮುಂದಿಟ್ಟಿತು. 6,500ಕ್ಕೂ ಹೆಚ್ಚು ಜನರ ಮಾತು ಕೇಳಿತು. ಆದರೂ ಮೂಲನಿವಾಸಿಗಳಲ್ಲೇ ಬಹಳ ಜನರಿಗೆ ಈ ಪದ ಸಾಕಾಗಿದೆ. ಮೊದಲು ಭೂಮಿ ವಾಪಸ್ ಕೊಡಿ, ಆಮೇಲೆ ಕೈ ಕುಲುಕೋಣ ಅನ್ನುತ್ತಾರೆ. ನಮ್ಮದೇ ಪ್ರಾಂತ್ಯದ ಉತ್ತರದಲ್ಲಿರುವ ನೆಸ್ಕಾಂಟಾಗ ಎಂಬ ಮೂಲನಿವಾಸಿಗಳ ಊರಿನಲ್ಲಿ 1995ರಿಂದ ನಲ್ಲಿ ನೀರನ್ನು ಕುದಿಸದೆ ಕುಡಿಯುವಂತಿಲ್ಲ ಎಂಬ ಎಚ್ಚರಿಕೆ ಜಾರಿಯಲ್ಲಿದೆ. ಪುಸ್ತಕ ಓದಿದ್ದರಿಂದ ಅಲ್ಲಿ ನಲ್ಲಿ ಸರಿಹೋಗುವುದಿಲ್ಲ, ನನಗೂ ಗೊತ್ತು. ಆದರೆ ಆ ಊರಿನ ಹೆಸರು ಮಗಳು ಕ್ಲಾಸಿನಿಂದ ಬಂದು ಹೇಳುವವರೆಗೆ ನನ್ನ ಕಿವಿಗೇ ಬಿದ್ದಿರಲಿಲ್ಲ.

ಒಂದು ದೂರು ನನ್ನದೂ ಇದೆ, ಇದನ್ನು ಮಂಡಳಿಯವರೂ ಕೇಳಿಸಿಕೊಳ್ಳಲಿ. ಮಗಳ ಕ್ಲಾಸಿನಲ್ಲಿ ಪಾಠವೆಲ್ಲ ಬರೀ ನೋವಿನದು. "ಎಲ್ಲಾ ಪುಸ್ತಕದಲ್ಲೂ ಯಾರೋ ಸಾಯ್ತಾರೆ" ಅಂತಾಳೆ. ಇದು ಸರಿಯಲ್ಲ. ಈ ಜನ ನಗಿಸುವುದರಲ್ಲಿ ಎತ್ತಿದ ಕೈ. ಬೆಸಿಲ್ ಜಾನ್‌ಸ್ಟನ್ ಸ್ಪ್ಯಾನಿಷ್ ಎಂಬ ಊರಿನ ಇಂಥದೇ ಶಾಲೆಯಲ್ಲಿ ಬೆಳೆದವರು. 1988ರಲ್ಲಿ ಬಂದ ಅವರ ನೆನಪಿನ ಪುಸ್ತಕದಲ್ಲಿ ಹುಡುಗರ ತುಂಟತನ, ಪಾದ್ರಿಗಳನ್ನು ಆಡಿಸುವ ಆಟ ಓದಿ ನಾನು ಗೋ ಟ್ರೇನಿನಲ್ಲಿ ಒಬ್ಬಳೇ ನಕ್ಕಿದ್ದೇನೆ. ಭಾಷೆಯ ಸೊಗಸೂ ಕ್ಲಾಸಿಗೆ ಬರಬೇಕು. ಓಜಿಬ್ವೆಯಲ್ಲಿ ಅವನು, ಅವಳು ಎಂಬ ಭೇದವಿಲ್ಲ. ಜೀವ ಇರುವುದು, ಇಲ್ಲದ್ದು ಎಂದು ಎರಡೇ ಪಂಗಡ. ಕಲ್ಲು ಜೀವ ಇರುವ ಪಂಗಡದಲ್ಲಿ ಬರುತ್ತದೆ! ಮಗಳಿಗೆ ವಿಚಿತ್ರ ಅನ್ನಿಸಿತು. ನನಗೆ ಅನ್ನಿಸಲಿಲ್ಲ. ನಮ್ಮೂರಲ್ಲಿ ದಾರಿ ಬದಿಯ ಕಲ್ಲು 'ಅದು'. ಅರಿಶಿನ ಕುಂಕುಮ ಬಿದ್ದ ಮರುಗಳಿಗೆ 'ಅವನು'.

ಗುಂಪಿನಲ್ಲಿ ಬಂದ ಇನ್ನೊಂದು ಫಾರ್ವರ್ಡಿಗೂ ಉತ್ತರ ಕೊಡಬೇಕು. "ಕ್ಯಾಮ್‌ಲೂಪ್ಸ್‌ನಲ್ಲಿ ಗೋರಿಗಳೇ ಇಲ್ಲ, ಎಲ್ಲ ಕಟ್ಟುಕಥೆ." ಕ್ಯಾಮ್‌ಲೂಪ್ಸ್ ಇಂಥದೇ ಶಾಲೆ ಇದ್ದ ಇನ್ನೊಂದು ಊರು. 2021ರಲ್ಲಿ ಅಲ್ಲಿ ನೆಲದೊಳಗೆ ಹುಡುಕುವ ರಾಡಾರಿನಲ್ಲಿ ಕಂಡದ್ದು ಗೋರಿಗಳಿರಬಹುದಾದ ಜಾಗಗಳು, ಹೆಣಗಳಲ್ಲ. ಕೆಲವು ಪತ್ರಿಕೆಗಳು ಅವಸರದಲ್ಲಿ ಜಾಸ್ತಿಯೇ ಬರೆದವು. ಆದರೆ ಮಕ್ಕಳು ಸತ್ತದ್ದು ಆ ರಾಡಾರನ್ನು ನಂಬಿಕೊಂಡು ಕೂತಿಲ್ಲ. ದಾಖಲೆಗಳಿಂದ ಗುರುತು ಹಿಡಿದ ಹೆಸರುಗಳೇ 4,100 ದಾಟಿವೆ. ಡಾಕ್ಟರ್ ಬ್ರೈಸ್ ಬರೆದದ್ದು 1907ರಲ್ಲಿ, ಆಗ ರಾಡಾರೇ ಹುಟ್ಟಿರಲಿಲ್ಲ.

ಹೌದು, ನಾಗರಹೊಳೆಯಿಂದ ಎಬ್ಬಿಸಿದ ಜೇನುಕುರುಬರ ಬಗ್ಗೆ ನೀವು ಇಷ್ಟು ಉದ್ದ ಪತ್ರ ಬರೆದಿದ್ದೀರಾ ಅಂತ ಕೇಳಬಹುದು. ಬರೆದಿಲ್ಲ. ಅವರೇ ಹೇಳಿದ ಒಂದು ಕಥೆಯೂ ನನ್ನ ಶಾಲೆಯ ಪಾಠದಲ್ಲಿ ಇದ್ದ ನೆನಪಿಲ್ಲ. ಕಾಕನಕೋಟೆಗೆ ಪಿಕ್ನಿಕ್ ಹೋಗಿ ಆನೆ ನೋಡಿ ಬಂದವರು ನಾವು. ಈ ಪ್ರಶ್ನೆಯನ್ನೂ ಮಗಳೇ ಕೇಳಿದ್ದು. ಉತ್ತರ ಇನ್ನೂ ಕೊಟ್ಟಿಲ್ಲ.

ಅರ್ಜಿ ಬರೆದವರಲ್ಲಿ ನನ್ನ ಕೋರಿಕೆ ಇಷ್ಟು. 41ನೇ ಹೆಸರು ತೆಗೆದುಹಾಕಿ. ಕಡ್ಡಾಯ ಬೇಡ ಅನ್ನುವ ಬದಲು, ಪಾಠ ಮಾಡುವವರಿಗೆ ಸರಿಯಾದ ತರಬೇತಿ ಕೊಡಿ, ಈ ನೆಲದವರೇ ಆದ ಲೇಖಕರನ್ನು ಕ್ಲಾಸಿಗೆ ಕರೆಸಿ, ನಗುವ ಪುಸ್ತಕವನ್ನೂ ಸೇರಿಸಿ ಅಂತ ಬರೆದರೆ ಮೊದಲ ಸಹಿ ನನ್ನದೇ. ಈ ಸಲ ಓದಿಯೇ ಹಾಕುತ್ತೇನೆ.

ಶಾಲೆಯ ಪ್ರತಿ ವಾಪಸ್ ಹೋಯಿತು. ನಾನು ಬೇರೆ ಒಂದು 'ಇಂಡಿಯನ್ ಹಾರ್ಸ್' ಕೊಂಡಿದ್ದೇನೆ. ಬೇಕಾದವರು ಬಂದು ತೆಗೆದುಕೊಂಡು ಹೋಗಿ. ಮಧ್ಯದಲ್ಲಿ ಎಲ್ಲೋ ಸಾರಿನ ಕಲೆ ಇದೆ, ಅದು ನನ್ನದು.

ಇಂತಿ,
ಬ್ರ್ಯಾಂಪ್ಟನ್ನಿನ ಒಬ್ಬ ಅಮ್ಮ